ಮಾನಪ್ಪ ವಸ್ತಾದರ ಎರಡು ಪಾಯಿಂಟು

ನನಗೂ ಮಾನಪ್ಪನವರಿಗೂ ಪರಿಚಯವಾದದ್ದು ಜಗಳದಿಂದ. ಜಗಳ ತೆಗೆದವಳು ನಾನೇ. ಕಾರಣ, ಒಂದು ಕ್ಯಾನ್ ಮಜ್ಜಿಗೆ.

ನಾನು ಪರಮೇಶ್ವರಿ. ಧಾರವಾಡದವಳು. ಮದುವೆಯಾಗಿ ಗೋವಾಕ್ಕೆ ಬಂದು ಇಪ್ಪತ್ತಮೂರು ವರ್ಷವಾಯಿತು. ಸಾಂಕೋಲೆಯಲ್ಲಿ ಬಣ್ಣ ತುಂಬುವ ಡಬ್ಬಿಗಳನ್ನು ಮಾಡುವ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಕೆಲಸಗಾರರ ಹಾಜರಿ, ರಜೆ, ಕ್ಯಾಂಟೀನಿನ ಉಸ್ತುವಾರಿ ಎಲ್ಲವೂ ನನ್ನ ಕೊರಳಿಗೇ ಬಿದ್ದಿವೆ. ಅವರೆಲ್ಲ ನನ್ನನ್ನು ಮರ್ಯಾದೆಯಿಂದ 'ಬಾಯಾರು' ಎನ್ನುತ್ತಾರೆ. ನನ್ನ ಬಾಯಿ ಸ್ವಲ್ಪ ಜೋರು ಎಂದು ಜನ ಹೇಳುತ್ತಾರೆ. ಸ್ವಲ್ಪವಲ್ಲ, ಭಾಳ ಜೋರು ಎಂದು ನನ್ನ ಗಂಡ ಬಿಂದುಮಾಧವ ತಿದ್ದುತ್ತಾರೆ. ಇರಲಿ, ಬಾಯಿ ಜೋರಿಲ್ಲದವರು ನಾಲ್ಕುನೂರು ಜನರ ರಜೆ ಅರ್ಜಿ ನೋಡುವುದು ಸಾಧ್ಯವೇ ಇಲ್ಲ.

ಲೋಡಿಂಗ್ ವಿಭಾಗದ ಮಾನಪ್ಪ ದಿನಾ ಸಂಜೆ ಕ್ಯಾಂಟೀನಿನಿಂದ ಮಜ್ಜಿಗೆ ಒಯ್ಯುತ್ತಾರೆ ಎಂದು ಯಾರೋ ನನ್ನ ಕಿವಿಗೆ ಹಾಕಿದರು. ನಾನು ಅಂದೇ ಗೇಟಿನಲ್ಲಿ ಕಾದು ಹಿಡಿದೆ. ಐವತ್ತು ದಾಟಿದ ಮನುಷ್ಯ. ಗಟ್ಟಿ ಆಳು, ಆದರೆ ಒಂದು ಕಾಲು ಸ್ವಲ್ಪ ಎಳೆದು ನಡೆಯುತ್ತಾರೆ. ಎರಡೂ ಕಿವಿಗಳು ಜಜ್ಜಿ ಮುದ್ದೆಯಾಗಿವೆ. ಕೈಯಲ್ಲಿ ಐದು ಲೀಟರಿನ ಕ್ಯಾನು.

"ಏನ್ರಿ ಮಾನಪ್ಪ, ಕಂಪನಿ ಮಜ್ಜಿಗಿ ಓಣ್ಯಾಗ ಮಾರ್ಲಿಕ್ಕತ್ತೀರೇನು?"

"ಇಲ್ರಿ ಬಾಯಾರ. ಉಳದು ಹುಳಿ ಆಗಿದ್ದು, ಚೆಲ್ಲಾಕ ಇಟ್ಟಿದ್ರು. ಮಣ್ಣಿಗೆ ಒಯ್ಯಾಕತ್ತೇನ್ರಿ."

"ಮಣ್ಣು ಯಾವಾಗಿಂದ ಮಜ್ಜಿಗಿ ಕುಡೀಲಿಕ್ಕೆ ಸುರು ಮಾಡ್ತು?"

ಅವರು ಸಿಟ್ಟಾಗಲಿಲ್ಲ, ನಗಲೂ ಇಲ್ಲ. "ಬರ್ರಿ, ತೋರಸ್ತೇನಿ" ಎಂದು ಮುಂದೆ ನಡೆದರು. ನಾನೂ ಬಿಡುವವಳಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜುವಾರಿನಗರದ ಗುಡ್ಡ ಹತ್ತಿದೆ.

ಕೆಲಸಗಾರರ ಮನೆಗಳ ಹಿಂದೆ ತಗಡು ಹೊದಿಸಿದ ಒಂದು ಚಪ್ಪರ. ಅದರ ಕೆಳಗೆ ಮಂಡಿಯಾಳಕ್ಕೆ ಅಗೆದ ಅಗಲವಾದ ಕುಣಿ, ಕುಣಿಯ ತುಂಬ ಕೆಂಪು ಮಣ್ಣು. ಮೂಲೆಯಲ್ಲಿ ಹನುಮಪ್ಪನ ಫೋಟೋ, ಅದಕ್ಕೊಂದು ದಾಸವಾಳ. ಹತ್ತು ಹನ್ನೆರಡು ಮಕ್ಕಳು ಸಾಲಾಗಿ ನಿಂತು, ಕೂತು ಎದ್ದು ಬೈಠಕ್ ಹೊಡೆಯುತ್ತಿದ್ದರು. ಮಾನಪ್ಪನವರು ಮಜ್ಜಿಗೆಯನ್ನು ಮಣ್ಣಿಗೆ ಸುರಿದು, ಅರಿಶಿನ ಉದುರಿಸಿ, ಒಂದಿಷ್ಟು ಎಣ್ಣೆ ಚಿಮುಕಿಸಿ, ಸಲಿಕೆ ಹಿಡಿದು ತಿರುವಿ ಹಾಕತೊಡಗಿದರು.

"ಗರಡಿ ಮಣ್ಣು ಮೆತ್ತಗಿರಬೇಕ್ರಿ ಬಾಯಾರ. ಬಿದ್ದವರಿಗೆ ಪೆಟ್ಟಾಗಬಾರ್ದು. ಗಾಯ ಆದ್ರೂ ಕೀವು ಆಗಬಾರ್ದು" ಎಂದರು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮರುದಿನದಿಂದ ಉಳಿದ ಮಜ್ಜಿಗೆಯನ್ನೆಲ್ಲ ಗರಡಿಗೆ ಕೊಡಬೇಕೆಂದು ನಾನೇ ಕ್ಯಾಂಟೀನಿಗೆ ಚೀಟಿ ಬರೆದು ಕೊಟ್ಟೆ.

ಮಾನಪ್ಪನವರು ಬಾದಾಮಿ ಕಡೆಯವರು. ಹರೆಯದಲ್ಲಿ ಊರೂರು ತಿರುಗಿ ಕುಸ್ತಿ ಆಡಿದವರು. ಇಪ್ಪತ್ತಾರರಲ್ಲಿ ಮೊಣಕಾಲು ತಿರುಚಿ ಆಟ ನಿಂತಿತು. ಹೆಂಡತಿ ಹುಲಿಗೆಮ್ಮನ ಜೊತೆ ಗೋವಾಕ್ಕೆ ಬಂದು ಮೊದಲು ಬಂದರಿನಲ್ಲಿ ಹೊರೆ ಹೊತ್ತರು, ಆಮೇಲೆ ನಮ್ಮ ಕಾರ್ಖಾನೆ ಸೇರಿದರು. ಕೈಗೆ ಕೆಲಸ ಸಿಕ್ಕಿತು, ಮೈಗೆ ಸಿಗಲಿಲ್ಲ ಎಂದು ಅವರೇ ಹೇಳುತ್ತಾರೆ. ಗರಡಿ ಕಟ್ಟಲು ಹೊರಟರೆ ಇಲ್ಲಿಯ ಮಣ್ಣು ಬರೀ ಹರಳುಕಲ್ಲು, ಒಮ್ಮೆ ಬಿದ್ದರೆ ಚರ್ಮ ಸುಲಿಯುತ್ತದೆ. ಕಟ್ಟಡ ಕಟ್ಟುವ ಕಡೆಯಿಂದ ಮರಳು ಸೋಸುವ ಜಾಲರಿ ಕೇಳಿ ತಂದು, ಡ್ಯೂಟಿ ಮುಗಿದ ಮೇಲೆ ದಿನಕ್ಕಿಷ್ಟು ಎಂದು ಸೋಸಿದರು. ಕುಣಿ ತುಂಬಲು ಏಳು ತಿಂಗಳು ಹಿಡಿಯಿತಂತೆ.

ಇಷ್ಟಕ್ಕೇ ಮುಗಿಯಲಿಲ್ಲ. ಗೋವಾದ ಮಳೆ ಯಾರ ಮಾತು ಕೇಳುತ್ತದೆ? ಮೊದಲ ಜೂನಿನಲ್ಲೇ ಚಪ್ಪರದ ನಾಲ್ಕೂ ಕಡೆಯಿಂದ ನೀರು ನುಗ್ಗಿ ಏಳು ತಿಂಗಳ ಮಣ್ಣು ಗಟಾರದ ಪಾಲಾಯಿತು. ನಾನಾಗಿದ್ದರೆ ಹಣೆ ಚಚ್ಚಿಕೊಂಡು ಸುಮ್ಮನಾಗುತ್ತಿದ್ದೆ. ಅವರು ಮತ್ತೆ ಜಾಲರಿ ಹಿಡಿದರು. ಮುಂದಿನ ವರ್ಷದಿಂದ ಒಂದು ಪದ್ಧತಿ ಮಾಡಿದರು: ಮೇ ಕೊನೆಗೆ ಗರಡಿಯ ಮಣ್ಣನ್ನೆಲ್ಲ ಸಿಮೆಂಟ್ ಚೀಲಗಳಿಗೆ ತುಂಬುವುದು, ಪ್ರತಿ ಶಿಷ್ಯನ ಮನೆಗೆ ಹತ್ತು ಚೀಲ, ದಸರೆ ಬರುವವರೆಗೆ ಮಂಚದ ಕೆಳಗೆ. ಉಳಿದ ಚೀಲಗಳೆಲ್ಲ ಅವರ ಮನೆಯಲ್ಲೇ ಇರುತ್ತವೆ. "ನಮ್ಮವರ ಲಗ್ನ ಆಗಿದ್ದು ಮಣ್ಣಿನ ಜೋಡಿ ಬಾಯಾರ, ನಾ ಬರೇ ರೊಟ್ಟಿ ಬಡ್ಯಾಕ ಬಂದೇನಿ" ಎಂದು ಹುಲಿಗೆಮ್ಮ ನನ್ನೆದುರಿಗೇ ಅವರನ್ನು ಕಾಡಿಸುತ್ತಾಳೆ. ಹನ್ನೊಂದು ವರ್ಷದಿಂದ ಈ ಚೀಲಗಳ ಮೆರವಣಿಗೆ ತಪ್ಪಿಲ್ಲ.

ಮೀನಾ ಎಂಬ ಹುಡುಗಿ ಈ ಗರಡಿಗೆ ಬಂದದ್ದೂ ಜಗಳದಿಂದಲೇ. ಅವಳ ಅವ್ವ ಸತ್ಯವ್ವ ಕಟ್ಟಡದ ಕೆಲಸದವಳು. ಮೀನಾ ಹುಟ್ಟಿದ್ದು ವಾಸ್ಕೋದಲ್ಲಿ, ಕೊಂಕಣಿ ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾಳೆ. ಆದರೂ ಶಾಲೆಯಲ್ಲಿ ಕೆಲವರು ಅವಳನ್ನು 'ಘಾಟಿ' ಎನ್ನುತ್ತಿದ್ದರು. ಘಟ್ಟದ ಆಚೆಯಿಂದ ಕೂಲಿಗೆ ಬಂದವರನ್ನು ಇಲ್ಲಿ ಹಾಗೆ ಹೀಯಾಳಿಸುತ್ತಾರೆ. ಹಾಗೆಂದವರಿಗೆಲ್ಲ ಮೀನಾ ಬಾರಿಸಿ ಬರುತ್ತಿದ್ದಳು. ವಾರಕ್ಕೊಮ್ಮೆ ಶಾಲೆಯಿಂದ ಕರೆ. ಕೊನೆಗೆ ಸತ್ಯವ್ವ ಹನ್ನೆರಡು ವರ್ಷದ ಮಗಳ ರಟ್ಟೆ ಹಿಡಿದು ತಂದು ಗರಡಿಯ ಮುಂದೆ ನಿಲ್ಲಿಸಿದಳು.

"ವಸ್ತಾದ್ರ, ಇಕಿ ಹೆಂಗೂ ಹೊಡದಾಡೂದು ಬಿಡಾಂಗಿಲ್ಲ. ಎಲ್ಲಿ ಹೊಡದಾಡಬೇಕು ಅನ್ನೂದರ ಕಲಸ್ರಿ."

ಕುಸ್ತಿ ಕಲಿಸುವ ಗುರುವಿಗೆ ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ಹೆಣ್ಣುಮಕ್ಕಳು ಗರಡಿಯ ಮಣ್ಣು ತುಳಿಯುವ ರೂಢಿ ಅವರ ಕಡೆ ಇರಲಿಲ್ಲ. ಮಾನಪ್ಪನವರು ಹನುಮಪ್ಪನನ್ನು ಕೇಳಬೇಕು ಎಂದು ಒಂದು ವಾರ ಟೈಮು ತೆಗೆದುಕೊಂಡರು. ಎಂಟನೆಯ ದಿನ ಮೀನಾಳನ್ನು ಕರೆದು, "ಕೇಳಿದೆ. ಬ್ಯಾಡ ಅಂತ ಅನ್ಲಿಲ್ಲ. ಕೂದಲಾ ಗಟ್ಟಿ ಕಟ್ಟಿಕೊಂಡು ಬಾ" ಎಂದರು. ಅಂದಿನಿಂದ ಮೂರು ವರ್ಷ ಆ ಹುಡುಗಿ ಒಂದು ದಿನವೂ ತಪ್ಪಿಸಲಿಲ್ಲ. ಹುಡುಗರನ್ನೂ ಎತ್ತಿ ಕೆಡವುವಷ್ಟು ತಯಾರಾದಳು.

ಅವಳಿಗೆ ಒಂದೇ ಹಟ. ರಾಜ್ಯದ ತಂಡಕ್ಕೆ ಆಯ್ಕೆಯಾದವರಿಗೆ ಬೆನ್ನ ಮೇಲೆ 'ಗೋವಾ' ಎಂದು ಬರೆದ ಅಂಗಿ ಕೊಡುತ್ತಾರೆ. "ಅದನ್ನ ಹಾಕ್ಕೊಂಡ ಸಾಲಿಗೆ ಹೋಗ್ತೇನ್ರಿ ಬಾಯಾರ. ಯಾರ ಘಾಟಿ ಅಂತಾರ ನೋಡೇ ಬಿಡ್ತೇನಿ" ಎಂದು ನನಗೆ ಹೇಳಿದ್ದಳು. ಆಯ್ಕೆ ಪಂದ್ಯದ ಅರ್ಜಿ ಇಂಗ್ಲಿಷಿನಲ್ಲಿತ್ತು, ತುಂಬಿಕೊಟ್ಟವಳು ನಾನು. ಆ ನೆವದಲ್ಲಿ ನಾನೂ ಮೀನಾ ಮತ್ತು ಮಾನಪ್ಪನವರ ಜೊತೆ, ಪಂದ್ಯ ನಡೆಯುವ ಡಿಚೋಲಿ ಊರಿಗೆ ಹೋದೆ. ಹೋಗಬಾರದಿತ್ತು ಎಂದು ಆಗ ಅನಿಸಿತ್ತು.

ಆ ಹಾಲ್‌ನಲ್ಲಿ ಮಣ್ಣಿಲ್ಲ, ನೀಲಿ ಹಳದಿ ಬಣ್ಣದ ಮ್ಯಾಟ್ ಹಾಸಿದ್ದರು. ಮೀನಾಳ ಎದುರಾಳಿ ಅದೇ ಡಿಚೋಲಿಯ ರುತುಜಾ ಎಂಬ ಹುಡುಗಿ. ಅವಳ ಕೋಚ್ ಗಾವಸ್ ಎಂಬ ಮೂವತ್ತೈದರ ಯುವಕ. ಸೀಟಿ ಊದಿದ ಕ್ಷಣದಲ್ಲೇ ರುತುಜಾ ಕಾಲಿಗೆ ನುಗ್ಗಿ ಮೀನಾಳ ಬೆನ್ನ ಹಿಂದೆ ಬಂದಳು. ಮೀನಾ ತಟ್ಟನೆ ಬೋರಲು ಬಿದ್ದು ನೆಲಕ್ಕೆ ಅಂಟಿಕೊಂಡಳು.

"ಶಾಬಾಶ್! ಹಂಗ ಇರು! ಹೊಟ್ಟಿ ಮ್ಯಾಲ ಇರು!" ಎಂದು ಮಾನಪ್ಪನವರು ಚಪ್ಪಾಳೆ ತಟ್ಟಿದರು.

ಮಣ್ಣಿನ ಕುಸ್ತಿಯಲ್ಲಿ ಅದೇ ಸರಿ. ಅಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಮಾತ್ರ ಸೋಲು, ಅದನ್ನು ಚಿತ್ ಎನ್ನುತ್ತಾರೆ. ಬೋರಲು ಬಿದ್ದು ಅರ್ಧ ತಾಸು ಮಲಗಿದ್ದರೂ ಯಾರೂ ಏನೂ ಅನ್ನುವುದಿಲ್ಲ, ಎದುರಿನವನೇ ದಣಿಯುತ್ತಾನೆ. ಆದರೆ ಮ್ಯಾಟಿನ ಲೆಕ್ಕ ಬೇರೆ. ಅಲ್ಲಿ ಕೆಡವಿದ್ದಕ್ಕೆ ಎರಡು ಪಾಯಿಂಟು, ಬೋರಲು ಬಿದ್ದವರ ಸೊಂಟ ಹಿಡಿದು ಒಮ್ಮೆ ಉರುಳಿಸಿದರೆ ಮತ್ತೆರಡು. ರುತುಜಾ ಒಂದು, ಎರಡು, ಮೂರು, ನಾಲ್ಕು ಸಲ ಉರುಳಿಸಿದಳು. ಪ್ರತಿ ಸಲವೂ ಮೀನಾ ಭುಜ ತಾಗದಂತೆ ಹೊರಳಿ ಮತ್ತೆ ಬೋರಲಾದಳು. ಪ್ರತಿ ಸಲವೂ ನಮ್ಮ ವಸ್ತಾದರು ಶಾಬಾಶ್ ಎಂದರು. ಹತ್ತು ಪಾಯಿಂಟು ಮುಂದಾದರೆ ಪಂದ್ಯವೇ ಮುಗಿಯುತ್ತದೆ ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸೀಟಿ ಊದಿತು. ಮೀನಾ ಎದ್ದು ತೊಡೆ ತಟ್ಟಿ ಮತ್ತೆ ಕುಸ್ತಿಗೆ ನಿಂತಳು. ರೆಫರಿ ಇಬ್ಬರ ಕೈ ಹಿಡಿದು ರುತುಜಾಳ ಕೈ ಎತ್ತಿದರು. ಮೀನಾ ಇನ್ನೂ ನಿಂತೇ ಇದ್ದಳು.

"ಅಲ್ರಿ ಬಾಯಾರ, ಇನ್ನೂ ಕುಸ್ತಿ ಎಲ್ಲಿ ಆಗೇತಿ? ಬೆನ್ನು ಹತ್ತಿಲ್ಲಲ್ರಿ!" ಎಂದು ಮಾನಪ್ಪನವರು ನನ್ನನ್ನು ಕೇಳಿದರು. ಅಕ್ಕಪಕ್ಕದವರು ನಕ್ಕರು. ನಾನು ತೀರ್ಪುಗಾರರ ಮೇಜಿನ ಹತ್ತಿರ ಹೋಗಿ ಕೇಳಿಕೊಂಡು ಬಂದು ಹೇಳಿದೆ. ಅವರ ಮುಖ ನೋಡಲಾಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಮೀನಾ ಕಿಟಕಿಗೆ ಮುಖ ಒತ್ತಿಕೊಂಡು ಅತ್ತಳು. ಹದಿನೇಳರ ಒಳಗಿನವರ ತಂಡಕ್ಕೆ ಅವಳಿಗೆ ಇನ್ನೊಂದೇ ವರ್ಷ ಉಳಿದಿತ್ತು.

ಮರುದಿನ ಬೆಳಿಗ್ಗೆ ಗರಡಿಯಲ್ಲಿ ನಡೆದದ್ದನ್ನು ಸತ್ಯವ್ವ ಬಂದು ಹೇಳಿದಳು. ಡಾವು, ಅಂದರೆ ಕುಸ್ತಿಯ ಪಟ್ಟು, ತಪ್ಪಿದ ಶಿಷ್ಯರಿಗೆ ನೂರು ಬೈಠಕ್ ಅಲ್ಲಿಯ ಶಿಕ್ಷೆ. ಮಾನಪ್ಪನವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ನಿನ್ನಿ ತಪ್ಪು ಮೀನಾಂದಲ್ಲ. ತಪ್ಪು ಕಲಿಸಿದಾಂವ ನಾನು. ಎಣಸ್ರಿ" ಎಂದು ತಾವೇ ಬೈಠಕ್‌ಗೆ ಇಳಿದರು. ಕೆಟ್ಟ ಮೊಣಕಾಲು. ಅರವತ್ತಕ್ಕೆ ಕಾಲು ನಡುಗತೊಡಗಿತು. ಸಾಕು ಎಂದು ಮಕ್ಕಳು ಗೋಗರೆದರು. ಮೀನಾ ಎಣಿಸುವುದನ್ನೇ ನಿಲ್ಲಿಸಿದಳು. ಅವರು ತಾವೇ ಎಣಿಸಿಕೊಂಡು ನೂರು ಮುಗಿಸಿದರು. ಎರಡು ದಿನ ರಜೆಯ ಅರ್ಜಿ ನನ್ನ ಮೇಜಿಗೆ ಬಂತು. ಕಾರಣದ ಜಾಗದಲ್ಲಿ 'ಮೊಣಕಾಲು' ಎಂದಷ್ಟೇ ಬರೆದಿತ್ತು. ನಾನು ಕಣ್ಣು ಒರೆಸಿಕೊಂಡು ಸಹಿ ಮಾಡಿದೆ.

ಮೂರನೆಯ ದಿನ ಊಟದ ಹೊತ್ತಿಗೆ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕಾಗದದ ದೊಡ್ಡ ಕಟ್ಟು. ಮ್ಯಾಟ್ ಕುಸ್ತಿಯ ನಿಯಮಗಳು, ಎಲ್ಲವೂ ಇಂಗ್ಲಿಷಿನಲ್ಲಿ.

"ಬಾಯಾರ, ಇದನ್ನ ನನಗ ಕನ್ನಡದಾಗ ಓದಿ ಹೇಳ್ತೀರೇನ್ರಿ?"

"ನನಗ ಕುಸ್ತಿ ಗಂಧಾನೂ ಗೊತ್ತಿಲ್ಲಲ್ರಿ ಮಾರಾಯ್ರ!"

"ನನಗ ಇಂಗ್ಲೀಷ ಗೊತ್ತಿಲ್ಲ, ನಿಮಗ ಕುಸ್ತಿ ಗೊತ್ತಿಲ್ಲ. ಇಬ್ರೂ ಕೂಡಿದ್ರ ಒಂದು ಪುಸ್ತಕ ಆಕ್ಕೇತ್ರಿ."

ಹೀಗೆ ನಾನು ಐವತ್ತನೆಯ ವಯಸ್ಸಿನಲ್ಲಿ ಕುಸ್ತಿಗೆ ಬಿದ್ದೆ. ದಿನಾ ಊಟದ ಅರ್ಧ ಗಂಟೆ, ನಾಲ್ಕು ತಿಂಗಳು. ನಾನು ಓದುವುದು, ಅವರು ತಮ್ಮ ಮಾತಿನಲ್ಲಿ ತಿರುಗಿಸಿ ಹೇಳುವುದು. ಅವರು ತಿರುಗಿಸಿ ಹೇಳಿದರೇ ನನಗೆ ಅರ್ಥವಾಗುತ್ತಿತ್ತು. ಊಟದ ಡಬ್ಬಿಯೊಳಗಿನ ರೊಟ್ಟಿ ಮ್ಯಾಟ್ ಆಯಿತು, ಕೆಂಪು ಮೆಣಸಿನಕಾಯಿ ಮೀನಾ, ಬದನೆಕಾಯಿ ರುತುಜಾ. ಸಿಬ್ಬಂದಿ ನಗುತ್ತಿದ್ದರು. ಒಂದೊಂದು ನಿಯಮವನ್ನು ಹತ್ತು ಸಲ ಕೇಳಿ ನನ್ನ ತಲೆ ಚಿಟ್ಟು ಹಿಡಿಸುತ್ತಿದ್ದರು. ಒಂದು ದಿನ ರೇಗಿ, "ಮಾನಪ್ಪ, ನಿಮ್ಮ ತಲಿಯೊಳಗ ಏನ್ ತುಂಬ್ಯದ?" ಎಂದೆ. "ಮಣ್ಣ ತುಂಬೇತ್ರಿ ಬಾಯಾರ. ಅದನ್ನ ಸೋಸಾಕತ್ತೇನಿ" ಎಂದರು. ಆಮೇಲೆ ಹೇಗೆ ರೇಗುವುದು?

ಓದಿದ್ದು ಸಾಲಲಿಲ್ಲ. ಕಣ್ಣಾರೆ ನೋಡಿ ಕಲಿಯಬೇಕೆಂದು ಪ್ರತಿ ರವಿವಾರ ಡಿಚೋಲಿಗೆ ಹೊರಟರು. ಯಾರ ಹತ್ತಿರ ಗೊತ್ತೇ? ನಮ್ಮನ್ನು ಸೋಲಿಸಿದ ಹುಡುಗಿಯ ಕೋಚ್ ಗಾವಸ್ ಹತ್ತಿರ! ನಾನು ಕೇಳಿ ಕೆಂಡವಾದೆ. ನಾಚಿಕೆ ಬೇಡವೇ, ನಕ್ಕವರ ಮನೆ ಬಾಗಿಲಿಗೆ ಹೋಗುವುದೇ ಎಂದು ಕೂಗಾಡಿದೆ. "ಬಲ್ಲವರ ಹತ್ರ ಹೋಗಬೇಕಲ್ರಿ. ಇನ್ನೆಲ್ಲಿ ಹೋಗ್ಲಿ?" ಎಂದರು, ಅಷ್ಟೇ. ಗಾವಸ್ ಕೂಡ ಮೊದಲ ದಿನ ಗುಟ್ಟು ಕದಿಯಲು ಬಂದೆಯಾ ಎಂದು ಕೇಳಿದರಂತೆ. ಇವರು ತಮಗೆ ಬರುವ ಹಿಂದಿಯಲ್ಲಿ, ಕದಿಯುವುದಿಲ್ಲ, ಕೇಳಿ ಕಲಿಯುತ್ತೇನೆ, ನೀವು ಬೇಡವೆಂದರೆ ಎದ್ದು ಹೋಗುತ್ತೇನೆ ಎಂದರಂತೆ. ಗಾವಸ್ ಅವರನ್ನೇ ಮ್ಯಾಟಿನ ಮೇಲೆ ಬೋರಲು ಮಲಗಿಸಿ, ಸೊಂಟ ಹಿಡಿದು ಮಕ್ಕಳೆದುರು ಉರುಳಿಸಿ ತೋರಿಸಿದರು. ತನಗಿಂತ ಹದಿನೆಂಟು ವರ್ಷ ಚಿಕ್ಕವನ ಕೈಯಲ್ಲಿ ಉರುಳಿಸಿಕೊಂಡ ಮನುಷ್ಯ ಎದ್ದು, ಅಂಗಿ ಜಾಡಿಸಿಕೊಂಡು, "ಔರ್ ಏಕ್ ಬಾರ್, ಸರ್" ಎಂದು ಇನ್ನೊಮ್ಮೆ ಉರುಳಿಸಲು ಕೇಳಿದರಂತೆ. ಆಮೇಲೆ ಗಾವಸ್ ಅವರೇ ರವಿವಾರದ ಚಹಾಕ್ಕೆ ಇವರನ್ನು ಕಾಯತೊಡಗಿದರು.

ಮ್ಯಾಟ್ ಎಲ್ಲಿಂದ ತರುವುದು? ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿ ಉಳಿದ ಸ್ಪಂಜಿನ ಹಾಳೆಗಳನ್ನು ಎಸೆಯುತ್ತಿದ್ದರು. ನಾನು ಮ್ಯಾನೇಜರರ ಹತ್ತಿರ ಜಗಳವಾಡಿ ಅವನ್ನು ಕೊಡಿಸಿದೆ. ಹುಲಿಗೆಮ್ಮ ಸೂಜಿ ದಬ್ಬಳ ಹಿಡಿದು ತಾಡಪತ್ರೆಯೊಳಗೆ ಹೊಲಿದಳು. ಬೆಳಿಗ್ಗೆ ಮಣ್ಣು, ಸಂಜೆ ಸ್ಪಂಜು. ಬೋರಲು ಬಿದ್ದರೆ ಮೂರು ಎಣಿಸುವುದರೊಳಗೆ ಎದ್ದು ನಿಲ್ಲಬೇಕು. ಈ ಒಂದು ಪಾಠವನ್ನು ಮೀನಾ ಆ ವರ್ಷ ಎಷ್ಟು ಸಾವಿರ ಸಲ ಮಾಡಿದಳೋ!

ಮುಂದಿನ ಆಯ್ಕೆ ಪಂದ್ಯವೂ ಡಿಚೋಲಿಯಲ್ಲೇ. ಈ ಸಲ ಸತ್ಯವ್ವನೂ ಕೆಲಸ ಬಿಟ್ಟು ಬಂದಿದ್ದಳು, ನನ್ನ ಪಕ್ಕದಲ್ಲಿ ಗ್ಯಾಲರಿಯಲ್ಲಿ ಕುಳಿತಿದ್ದಳು. ಮೀನಾ ಎರಡು ಪಂದ್ಯ ಗೆದ್ದು ಫೈನಲ್ಲಿಗೆ ಬಂದಳು. ಎದುರಿಗೆ ಅದೇ ರುತುಜಾ. ಮೀನಾ ಕೆಂಪು ಬಟ್ಟೆ, ರುತುಜಾ ನೀಲಿ. ಗೆದ್ದವಳಿಗೆ ಗೋವಾದ ಅಂಗಿ, ಸೋತವಳು ಮನೆಗೆ.

ಈ ಸಲ ಮೀನಾಳನ್ನು ಉರುಳಿಸುವುದು ಸುಲಭವಾಗಲಿಲ್ಲ. ಕೆಡವಿದರೆ ಏಳುತ್ತಿದ್ದಳು, ಎದ್ದವಳೇ ತಾನು ಕೆಡವುತ್ತಿದ್ದಳು. ಎರಡನೆಯ ಸುತ್ತಿನ ಕೊನೆಯ ನಿಮಿಷಕ್ಕೆ ಇಬ್ಬರದೂ ನಾಲ್ಕು ನಾಲ್ಕು. ಆಗ ಅಂಚಿನ ಹತ್ತಿರ ಇಬ್ಬರೂ ಒಬ್ಬರ ಮೇಲೊಬ್ಬರು ಹೊರಳಿದರು. ರೆಫರಿ ನೀಲಿ ಪಟ್ಟಿಯ ಕೈ ಎತ್ತಿ ಎರಡು ಬೆರಳು ತೋರಿಸಿದರು. ಅಂದರೆ ರುತುಜಾಗೆ ಎರಡು. ಆದರೆ ಬೋರ್ಡಿನಲ್ಲಿ ಕೆಂಪಿನ ಅಂಕಿ ಆರಾಯಿತು. ಗುಂಡಿ ಒತ್ತುತ್ತಿದ್ದವರು ಬಣ್ಣ ತಪ್ಪಿದ್ದರು.

ನಾನು ನೋಡಿದೆ. ನಾಲ್ಕು ತಿಂಗಳು ಆ ಪುಸ್ತಕ ಓದಿದವಳು ನಾನು, ನನಗೆ ತಿಳಿಯದೇ? ಬಾಯಿ ಜೋರೆಂದು ಹೆಸರಾದವಳು ಬ್ಯಾಗನ್ನು ಎದೆಗೆ ಅವುಚಿಕೊಂಡು ತುಟಿ ಬಿಗಿದು ಕುಳಿತೆ. ದೇವರೇ, ಯಾರೂ ನೋಡದಿರಲಿ, ಇನ್ನು ಮೂವತ್ತೆಂಟು ಸೆಕೆಂಡು ಕಳೆದುಹೋಗಲಿ ಎಂದು ಬೇಡಿಕೊಂಡೆ.

ಅಷ್ಟರಲ್ಲಿ ರುತುಜಾಳ ಬೂಟಿನ ದಾರ ಬಿಚ್ಚಿತು. ಆಟ ನಿಂತಿತು. ಗಾವಸ್ ಬೋರ್ಡಿಗೆ ಬೆನ್ನು ಹಾಕಿ ಬಗ್ಗಿ ದಾರ ಕಟ್ಟುತ್ತಿದ್ದರು. ಮಾನಪ್ಪನವರು ಬೋರ್ಡು ನೋಡಿದರು, ರೆಫರಿಯನ್ನು ನೋಡಿದರು, ಆಮೇಲೆ ಗ್ಯಾಲರಿಯಲ್ಲಿ ನನ್ನನ್ನು ನೋಡಿದರು. ನಾನು ಕಣ್ಣು ತಪ್ಪಿಸಿದೆ.

ಅವರು ಎದ್ದು ಕಾಲೆಳೆಯುತ್ತ ಮೇಜಿನ ಕಡೆ ನಡೆದರು. ಅಲ್ಲಿದ್ದವರು, ಪಾಯಿಂಟಿಗೆ ತಕರಾರು ತೆಗೆಯಲು ಬಂದನೆಂದು ತಿಳಿದು, ಜಾಗಕ್ಕೆ ಹೋಗಿ ಕೂತುಕೋ ಎಂದು ಗದರಿದರು. ಮಾನಪ್ಪನವರು ಕೈ ಮುಗಿದು ನಿಂತೇ ಇದ್ದರು. "ಸಾಬ್, ವೋ ದೋ ಪಾಯಿಂಟ್ ನೀಲಾ ಕಾ ಹೈ. ಹಮಾರಾ ನಹೀ."

ಮೇಜಿನವರು ಮುಖ ಮುಖ ನೋಡಿಕೊಂಡರು. ತೀರ್ಪುಗಾರರ ಕಾಗದ ತಿರುವಿದರು. ಹೌದು, ಎರಡು ನೀಲಿಗೇ ಬರೆದಿತ್ತು. ಬೋರ್ಡು ಬದಲಾಯಿತು. ಕೆಂಪು ನಾಲ್ಕು, ನೀಲಿ ಆರು.

"ಬಾಯಾರ, ನಮ್ಮ ಹುಡುಗಿ ಅಂಕಿ ಯಾಕ ಕಮ್ಮಿ ಆತ್ರಿ?" ಎಂದು ಸತ್ಯವ್ವ ನನ್ನ ತೋಳು ಹಿಡಿದಳು. ಮೈಯೆಲ್ಲ ಉರಿಯುತ್ತಿತ್ತು. ಈ ಮನುಷ್ಯನಿಗೆ ತಲೆ ಕೆಟ್ಟಿದೆಯೇ? ಇದನ್ನು ಹೇಳಲಿಕ್ಕೆಂದೇ ನನ್ನಿಂದ ಪುಸ್ತಕ ಓದಿಸಿದನೇ? ಆ ಹುಡುಗಿಗೆ ಇನ್ನೊಂದು ವರ್ಷವಿದೆಯೇ? ಎದ್ದು ಹೋಗಿ ಆ ಮುದ್ದೆ ಕಿವಿ ಹಿಂಡಿಬಿಡಬೇಕು ಅನ್ನಿಸಿತು.

ಮೀನಾ ಮ್ಯಾಟಿನ ಮಧ್ಯೆ ನಿಂತು ತನ್ನ ವಸ್ತಾದರನ್ನೇ ದಿಟ್ಟಿಸುತ್ತಿದ್ದಳು. ಅವಳ ಕಣ್ಣಲ್ಲಿದ್ದ ಸಿಟ್ಟು ಗ್ಯಾಲರಿಯವರೆಗೂ ಕಾಣುತ್ತಿತ್ತು. ಮಾನಪ್ಪನವರು ಸಬೂಬು ಹೇಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ತಮ್ಮ ಮೂಲೆಗೆ ಬಂದು ನಿಂತು ಹಾಲ್‌ಗೆಲ್ಲ ಕೇಳುವಂತೆ ಹೇಳಿದರು:

"ಮೀನವ್ವಾ, ಎರಡು ಹಿಂದ ಅದೇವಿ. ಮೂವತ್ತೆಂಟ ಸೆಕೆಂಡ ಐತಿ. ಹೋಗು!"

ಸೀಟಿ ಊದಿತು. ರುತುಜಾಗೆ ಈಗ ಸುಮ್ಮನೆ ದೂರ ಸರಿದು ಹೊತ್ತು ಕಳೆದರೆ ಸಾಕಿತ್ತು, ಅವಳು ಹಾಗೆಯೇ ಹಿಂದೆ ಹಿಂದೆ ಸರಿದಳು. ಮೀನಾ ನುಗ್ಗಿದಳು, ಕೈ ಜಾರಿತು. ಇಪ್ಪತ್ತೈದು ಸೆಕೆಂಡು. ಮತ್ತೆ ನುಗ್ಗಿದಳು. ಈ ಸಲ ಕಾಲು ಸಿಕ್ಕಿತು, ಆದರೆ ರುತುಜಾ ಬೀಳಲಿಲ್ಲ, ಒಂಟಿ ಕಾಲಲ್ಲಿ ಕುಣಿಯುತ್ತ ಅಂಚಿನ ಕಡೆ ಎಳೆದಳು. ಮೀನಾ ಕಾಲು ಬಿಟ್ಟು ಸೊಂಟಕ್ಕೆ ಕೈ ಹಾಕಿದಳು. ಮೈಯಿಡೀ ತಿರುಗಿಸಿ ಎತ್ತಿ ಹಾಕಿದಳು, ಹಾಕಿದವಳೇ ಎದೆಯ ಮೇಲೆ ಬಿದ್ದು ಎರಡೂ ಭುಜ ಒತ್ತಿದಳು. ರುತುಜಾ ಕತ್ತಿನ ಮೇಲೆ ಕಮಾನಾಗಿ ಎದ್ದಳು. ಮೀನಾ ಬಿಡಲಿಲ್ಲ. ಭುಜ ಇಂಚಿಂಚಾಗಿ ಕೆಳಗಿಳಿಯಿತು. ರೆಫರಿ ಮ್ಯಾಟಿಗೆ ಅಂಗೈ ಬಡಿದರು.

ಚಿತ್! ಗಡಿಯಾರದಲ್ಲಿ ಇನ್ನೂ ಒಂಬತ್ತು ಸೆಕೆಂಡಿತ್ತು. ಬೆನ್ನು ಹತ್ತಿದ ಮೇಲೆ ಮ್ಯಾಟಿನಲ್ಲೂ ಪಾಯಿಂಟಿನ ಮಾತಿಲ್ಲ. ಅದು ಪುಸ್ತಕದಲ್ಲಿದೆ, ನಾನೇ ಓದಿ ಹೇಳಿದ್ದೆ. ಸತ್ಯವ್ವ ಅಯ್ಯೋ ನನ್ನವ್ವಾ ಎಂದು ನನ್ನನ್ನು ತಬ್ಬಿಕೊಂಡಳು. ನಾನು ಧಾರವಾಡದ ಮರ್ಯಾದೆಯನ್ನೆಲ್ಲ ಬದಿಗಿಟ್ಟು ಬೆಂಚಿನ ಮೇಲೆ ಹತ್ತಿ ಸೀಟಿ ಹೊಡೆದೆ. ನನಗೆ ಸೀಟಿ ಹೊಡೆಯಲು ಬರುತ್ತದೆ ಎಂದು ಅಂದೇ ಗೊತ್ತಾಯಿತು.

ಗಾವಸ್ ತಮ್ಮ ಹುಡುಗಿಯನ್ನು ಎಬ್ಬಿಸಿ, ಬೆನ್ನು ತಟ್ಟಿ, ನೇರವಾಗಿ ಮಾನಪ್ಪನವರ ಹತ್ತಿರ ಬಂದರು. "ಮೈ ಹೋತಾ ತೋ ನಹೀ ಬೋಲ್ತಾ, ಮಾನಪ್ಪ" ಎಂದು, ತಾವಾಗಿದ್ದರೆ ಹೇಳುತ್ತಿರಲಿಲ್ಲವೆಂದು ಬಿಚ್ಚಿ ಹೇಳಿದರು. ಮಾನಪ್ಪನವರು ಅವರ ಎರಡೂ ಕೈ ಹಿಡಿದುಕೊಂಡು, "ಬೋಲ್ತಾ ಸರ್, ಆಪ್ ಭೀ ಬೋಲ್ತಾ", ನೀವೂ ಹೇಳುತ್ತಿದ್ದಿರಿ ಎಂದರು. ಗಾವಸ್ ತಲೆ ತಗ್ಗಿಸಿದರು.

ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ನನಗೆ ತಡೆಯಲಾಗಲಿಲ್ಲ. "ಮಾನಪ್ಪ, ನಾನೂ ನೋಡಿದ್ದೆ. ಸುಮ್ಮನ ಕೂತಿದ್ದೆ."

"ಗೊತ್ತೈತ್ರಿ ಬಾಯಾರ. ನೀವ ಓದಿ ಹೇಳಿದ್ದಲ್ರಿ."

"ಮತ್ತ ಹುಡುಗಿ ಸೋತಿದ್ರ? ಏನ್ ಮಾಡ್ತಿದ್ರಿ? ಅದನ್ನರ ಹೇಳ್ರಿ!" ನನ್ನ ದನಿ ಮತ್ತೆ ಏರಿತ್ತು, ಅಕ್ಕಪಕ್ಕದವರು ತಿರುಗಿ ನೋಡಿದರು.

ಅವರು ಲೋಟ ಕೆಳಗಿಟ್ಟರು. "ಸೋತಿದ್ರ ಇಕಿ ಮುಂದ ಅಳ್ತಿದ್ದೆ. ಆಮ್ಯಾಲ ಮುಂಜಾನೆದ್ದ ಮತ್ತ ಕಲಸ್ತಿದ್ದೆ. ಬಾಯಿ ಮುಚ್ಚಿಕೊಂಡ ಕುಂತಿದ್ರ, ನಾ ನಾಳಿಂದ ಏನಂತ ಕಲಸ್ಲಿ ಹೇಳ್ರಿ?"

ನನ್ನ ಬಾಯಿ ಮುಚ್ಚಿಸಿದವರು ಕಡಿಮೆ. ಮೀನಾ ಇಷ್ಟು ಹೊತ್ತೂ ಅವರ ಜೊತೆ ಮಾತಾಡಿರಲಿಲ್ಲ. ಗೆದ್ದ ಮೇಲೆ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದಳು, ಮುಖ ಮಾತ್ರ ಗಂಟು ಹಾಕಿಕೊಂಡೇ ಇದ್ದಳು. ಈಗ ಬಿಸ್ಕತ್ತು ಚಹಾದಲ್ಲಿ ಅದ್ದುತ್ತ, ಅವರ ಕಡೆ ನೋಡದೆಯೇ ಕೇಳಿದಳು.

"ವಸ್ತಾದ್ರ, ದೊಡ್ಡ ಪಂದ್ಯದಾಗೂ ಹಿಂಗ ಮಾಡ್ತೀರೇನ್ರಿ?"

"ಮಾಡ್ತೇನವ್ವಾ."

"ಗೊತ್ತಿತ್ರಿ" ಎಂದು ಅವಳು ಬಿಸ್ಕತ್ತು ಬಾಯಿಗೆ ಹಾಕಿಕೊಂಡು ಎದ್ದಳು. "ಹಂಗಾರ ನಾಳಿಂದ ಇನ್ನೊಂದ ತಾಸ ಹೆಚ್ಚಿಗಿ ಆಡಸ್ರಿ. ನೀವ ಎರಡು ಪಾಯಿಂಟ ವಾಪಸ ಕೊಟ್ರೂ ಗೆಲ್ಲೂವಷ್ಟು ಮುಂದ ಇರ್ತೇನಿ."